ಹನ್ನೆರಡು ಕುಣಿಕೆಯ ಮೊದಲ ಸಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿರಿಯರ ಹಗಲುಮನೆಯ ಹಿಂಬಾಗಿಲ ಬೀಗ ತೆಗೆದು ಒಳಗೆ ಬರುವ ಆಯಾ ಮೊದಲು ಕಿಟಕಿಗಳನ್ನು ತೆರೆಯುತ್ತಾರೆ. ಊಟದ ಸ್ಟೀಲ್ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ನೆಲ ಒರೆಸಿ, ಹದಿನಾಲ್ಕು ಕುರ್ಚಿಗಳನ್ನು ಬೆಳಕು ಬರುವ ಕಡೆಗೆ ತಿರುಗಿಸಿ, ಚಹಾದ ನೀರಿಗೆ ಒಲೆ ಹಚ್ಚುವ ಹೊತ್ತಿಗೆ ಆರು ಗಂಟೆ. ಅಲ್ಲಿಗೆ ಆಯಾಳ ಕೆಲಸ ಮುಗಿಯಿತು. ಆಮೇಲಿನದು ಯಾರೂ ಹೇಳದ, ಯಾವ ಪಟ್ಟಿಯಲ್ಲೂ ಇಲ್ಲದ ಕೆಲಸ.

ತೊಡೆಯ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಹಳೆಯ ಸ್ವೆಟರ್ ಬಿಚ್ಚಿ ಸುತ್ತಿದ ಉಲ್ಲನ್ ಉಂಡೆಗಳು, ಕಿರುಬೆರಳ ದಪ್ಪದ ಮರದ ಹೆಣಿಗೆ ಕಡ್ಡಿಗಳು. ದಾರವನ್ನು ಹೆಬ್ಬೆರಳಿಗೆ ಸುತ್ತಿ, ತಿರುವಿ, ಕಡ್ಡಿಗೆ ಏರಿಸುತ್ತಾರೆ. ಒಂದು ಕುಣಿಕೆ. ಹಾಗೆ ಹನ್ನೆರಡು ಕುಣಿಕೆ ಏರಿಸಿ, ಅದರ ಮೇಲೊಂದು ಸಾಲು ಹೆಣೆದು, ಉಂಡೆಯ ಸಮೇತ ಒಂದು ಕುರ್ಚಿಯ ಮೇಲಿಡುತ್ತಾರೆ. ನಿನ್ನೆಯ ತುಂಡು ಮುಗಿಯದವರಿಗೆ ಅದೇ ತುಂಡು, ಮುಗಿಸಿದವರಿಗೆ ಹೊಸ ಸಾಲು. ದಿನಕ್ಕೆ ಎಂಟೋ ಒಂಬತ್ತೋ ಸಾಲು, ಹತ್ತಿರ ಹತ್ತಿರ ನೂರು ಕುಣಿಕೆ.

"ಹೆಣೆಯೋದು ಕಷ್ಟ ಅಲ್ಲ, ಶುರು ಮಾಡೋದು ಕಷ್ಟ" ಎನ್ನುತ್ತಾರೆ ಅವರು, ಕೈ ನಿಲ್ಲಿಸದೆ. "ಖಾಲಿ ಕಡ್ಡಿ ಕೊಟ್ರೆ ನನ್ನ ಕೈಲಾಗಲ್ಲಮ್ಮ ಅಂತ ಕೆಳಗಿಡ್ತಾರೆ. ಒಂದು ಸಾಲು ಆಗಿದ್ರೆ, ಯಾರೋ ಅರ್ಧಕ್ಕೆ ಬಿಟ್ಟು ಎದ್ದುಹೋಗಿದಾರೆ ಅನ್ಸುತ್ತೆ. ಅರ್ಧಕ್ಕೆ ಬಿಟ್ಟ ಕೆಲಸ ಕಂಡ್ರೆ ಆ ಕಾಲದೋರ ಕೈ ಸುಮ್ನಿರಲ್ಲ."

ವಯಸ್ಸು ಐವತ್ತೆಂಟು. ಇಲ್ಲಿಗೆ ಬರುವವರೆಲ್ಲ ಎಪ್ಪತ್ತು ದಾಟಿದವರಾದ್ದರಿಂದ ಅವರ ಪಾಲಿಗೆ ಈಕೆ ಇನ್ನೂ ಹುಡುಗಿ. ಹೆಸರು ಮಾತ್ರ ಉಂಡೆಯಮ್ಮ. ಯಾರು ಇಟ್ಟರೋ ಗೊತ್ತಿಲ್ಲ. ಈಗ ಹಾಜರಿ ಪುಸ್ತಕದವರೂ ಹಾಗೇ ಕರೆಯುತ್ತಾರೆ. ಮೊದಲು ಇಪ್ಪತ್ತೆರಡು ವರ್ಷ ಸ್ವೆಟರ್ ಕಾರ್ಖಾನೆಯಲ್ಲಿ ಕೊರಳಪಟ್ಟಿ ಕೂಡಿಸುವ ಕೆಲಸ. ಒಂದು ಕುಣಿಕೆ ತಪ್ಪಿದರೆ ಇಡೀ ಸ್ವೆಟರ್ ಮೇಲ್ವಿಚಾರಕನ ಮೇಜಿನಿಂದ ಹಿಂದಕ್ಕೆ ಬರುತ್ತಿತ್ತು. "ತಪ್ಪು ಹುಡುಕಿ ಹುಡುಕಿ ಕಣ್ಣು ಹಾಗೇ ಆಗೋಯ್ತು. ಬಸ್ಸಲ್ಲಿ ಮುಂದಿನ ಸೀಟಿನೋರ ಸ್ವೆಟರ್ ನೋಡಿದ್ರೂ ಮೊದಲು ತಪ್ಪೇ ಕಾಣೋದು." ಕಾರ್ಖಾನೆ ಮುಚ್ಚಿದ ಮೇಲೆ ನೆಲ ಒರೆಸುವ, ಚಹಾ ಕೊಡುವ ಈ ಕೆಲಸ ಸಿಕ್ಕಿತು. ಮಕ್ಕಳು ಕೆಲಸಕ್ಕೆ ಹೋಗುವಾಗ ಬೆಳಗ್ಗೆ ತಂದು ಬಿಡುವ, ಸಂಜೆ ಬಂದು ಕರೆದೊಯ್ಯುವ ಹಿರಿಯರಿಗಾಗಿ ಇರುವ ಮನೆ ಇದು.

ಬಂದ ಹೊಸದರಲ್ಲಿ ಇಲ್ಲಿ ಹದಿನಾಲ್ಕು ಜೊತೆ ಕೈಗಳು ಹಗಲಿಡೀ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿದ್ದವು. ವಾರಕ್ಕೊಮ್ಮೆ ಬಂದು ವ್ಯಾಯಾಮ ಮಾಡಿಸುವ ಡಾಕ್ಟರಮ್ಮ, ಬೆರಳು ಆಡುತ್ತಿರಬೇಕು, ಇಲ್ಲದಿದ್ದರೆ ಬಿಗಿಯುತ್ತವೆ ಎಂದು ಹೇಳಿ ರಬ್ಬರ್ ಚೆಂಡುಗಳನ್ನು ಕೊಟ್ಟು ಹೋದರು. ಮರುವಾರ ಚೆಂಡುಗಳೆಲ್ಲ ಮೇಜಿನ ಕೆಳಗಿದ್ದವು. ಉಂಡೆಯಮ್ಮ ಮನೆಯಿಂದ ಎರಡು ಹಳೆಯ ಸ್ವೆಟರ್ ತಂದು ಬಿಚ್ಚಿದರು. ಕಾರ್ಖಾನೆಯ ಅಭ್ಯಾಸದಂತೆ ದಾರವನ್ನು ತೊಳೆದು, ತೂಕ ಕಟ್ಟಿ ಇಳಿಬಿಟ್ಟು, ಕೂದಲೆಳೆಯಂತೆ ನೇರ ಮಾಡಿದರು. ನೇರವಾದ ದಾರ ಮುದಿ ಬೆರಳುಗಳಲ್ಲಿ ನಿಲ್ಲದೆ ಜಾರಿತು. ಅಂದಿನಿಂದ ತೊಳೆಯುತ್ತಾರಷ್ಟೆ, ನೇರ ಮಾಡುವುದಿಲ್ಲ. ಸ್ವೆಟರ್‌ನಲ್ಲಿದ್ದಾಗಿನ ಸೊಟ್ಟ ಹಾಗೇ ಉಳಿದ ದಾರ ಬೆರಳಿಗೆ ತೊಡರಿಕೊಂಡು ಕೂರುತ್ತದೆ.

ಎಲ್ಲರೂ ಕಡ್ಡಿ ಹಿಡಿಯುವುದಿಲ್ಲ. ಒಬ್ಬ ಅಜ್ಜಿ ಮೂರು ಎಳೆ ಸೇರಿಸಿ ಜಡೆ ಹಾಕುತ್ತಾರೆ. ಅದು ಈಗ ಕೋಣೆಯನ್ನು ಎರಡು ಸುತ್ತು ಬರುವಷ್ಟು ಉದ್ದವಾಗಿದೆ. ಕೈ ನಡುಗುವ ಗಡಿಯಾರದ ತಾತ ರಟ್ಟಿನ ಬಿಲ್ಲೆಗೆ ದಾರ ಸುತ್ತಿ ಕುಚ್ಚು ಮಾಡುತ್ತಾರೆ. ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು.

"ಸಾಸಿವೆಗಿಂತ ಸಣ್ಣ ತಿರುಪು ಹಾಕ್ತಿದ್ದ ಕೈ ಇದು" ಎಂದು ಅವರು ಇಂದೂ ಉಂಡೆಯಮ್ಮನ ಮೇಲೆ ಗೊಣಗುತ್ತಾರೆ. "ನೀನು ನೋಡಿದ್ರೆ ಕುಚ್ಚು ಕಟ್ಟು ಅಂತೀಯ."

"ಬೇಡ ಬಿಡಿ ತಾತ. ನಿನ್ನೆ ಅಂಗಿ ಗುಂಡಿ ಹಾಕಿದ್ದು ಯಾರು, ನೀವೋ ಸೊಸೆನೋ?"

"ನಾನೇ. ಮೂರು ಹಾಕಿದೆ."

"ಐದಿದ್ವಲ್ಲ?"

"ಇನ್ನೆರಡು ಗಾಳಿಗೆ ಅಂತ ಬಿಟ್ಟೆ, ನಿಂಗ್ಯಾಕೆ." ತಾತ ಬಿಲ್ಲೆ ಎತ್ತಿಕೊಳ್ಳುತ್ತಾರೆ. ಪಕ್ಕದ ಕುರ್ಚಿಗಳಲ್ಲಿ ನಗು ಹರಿಯುತ್ತದೆ.

ಈ ಕೋಣೆಗೆ ಒಂದೇ ಕಟ್ಟಳೆ: ಯಾರ ಸಾಲನ್ನೂ ಮತ್ತೊಬ್ಬರು ಬಿಚ್ಚಬಾರದು. ಮೂಲೆಯ ಕುರ್ಚಿಯ ನಿವೃತ್ತ ಹೆಡ್‌ಮಿಸ್‌ಗೆ ಇದನ್ನು ಪಾಲಿಸುವುದೇ ದೊಡ್ಡ ಸಂಕಟ. ಪಕ್ಕದ ಜಡೆ ಅಜ್ಜಿ ಇವತ್ತು ಜಡೆ ಬದಿಗಿಟ್ಟು, ಎಷ್ಟೋ ದಿನದ ಮೇಲೆ ಕಡ್ಡಿ ಹಿಡಿದಿದ್ದಾರೆ. ಅವರು ಚಹಾಕ್ಕೆ ಎದ್ದದ್ದೇ ತಡ, ಹೆಡ್‌ಮಿಸ್ ಆ ತುಂಡನ್ನು ಎಳೆದುಕೊಂಡು ದಾರದ ತುದಿ ಹುಡುಕುತ್ತಾರೆ.

"ಮಿಸ್, ಕೆಳಗಿಡಿ."

"ಎರಡು ಕುಣಿಕೆ ಬಿಟ್ಟಿದಾಳೆ ಕಣಮ್ಮ. ಒಂದ್ನಿಮಿಷದ ಕೆಲಸ. ಸರಿ ಮಾಡಿಟ್ರೆ ಅವಳಿಗೇ ಖುಷಿ."

"ಖುಷಿ ಆಗಲ್ಲ, ಮಿಸ್." ಸದಾ ಮೆತ್ತಗಿರುವ ಉಂಡೆಯಮ್ಮನ ದನಿ ಈಗ ಮೆತ್ತಗಿಲ್ಲ. ಹೆಡ್‌ಮಿಸ್ ತುಂಡನ್ನು ಇದ್ದಲ್ಲೇ ಇಡುತ್ತಾರೆ. ಚಹಾ ಲೋಟ ಹಿಡಿದು ಬಂದ ಅಜ್ಜಿ ಏನೂ ತಿಳಿಯದೆ, ತೂತಿರುವ ತಮ್ಮ ತುಂಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತಾರೆ.

ಆ ಕಟ್ಟಳೆ ಹುಟ್ಟಿದ್ದು ಉಂಡೆಯಮ್ಮನ ಅಕ್ಕನಿಂದ. ಅಕ್ಕ ಇವರಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ಇಲ್ಲದ ಮನೆಯಲ್ಲಿ ತಂಗಿಯನ್ನು ಬೆಳೆಸಿದವಳು. ಹೆಣಿಗೆ ಕಲಿಸಿದ್ದೂ ಅವಳೇ. ಬೆನ್ನ ಹಿಂದೆ ಕೂತು, ಎರಡೂ ಕಡೆಯಿಂದ ಕೈ ಚಾಚಿ, ತಂಗಿಯ ಬೆರಳುಗಳ ಮೇಲೆ ತನ್ನ ಬೆರಳಿಟ್ಟು. "ಅವಳ ಗಲ್ಲ ನನ್ನ ನೆತ್ತಿ ಮೇಲಿರೋದು. ಎಣಿಸೋವಾಗ ನೆತ್ತಿಗೆ ಬಿಸಿ ಉಸಿರು ತಾಗೋದು. ಈಗ್ಲೂ ಹನ್ನೆರಡು ಅಂತ ಎಣಿಸೋವಾಗ ನೆತ್ತಿ ಬೆಚ್ಚಗಾಗುತ್ತೆ." ಎಂಟನೇ ವಯಸ್ಸಿನಲ್ಲಿ ತಂಗಿ ಹೆಣೆದ ಮೊದಲ ತುಂಡು ಒಂದು ಬದಿ ಗೇಣುದ್ದ, ಇನ್ನೊಂದು ಬದಿ ಅಂಗೈಯಗಲ. ಅಕ್ಕ ಅದನ್ನು ಬಿಚ್ಚಲಿಲ್ಲ. ತನ್ನ ಊಟದ ಡಬ್ಬಿಗೆ ಸುತ್ತಿಕೊಂಡು ವರ್ಷವಿಡೀ ಕೆಲಸಕ್ಕೆ ಹೋದಳು.

ಆರು ವರ್ಷದ ಹಿಂದೆ ಅದೇ ಅಕ್ಕನಿಂದ ಒಂದು ಶಾಲು ಬಂತು. ಅವಳು ಮಗನ ಮನೆಯಲ್ಲಿದ್ದಳು, ಒಂದು ಹಗಲು ಪೂರ್ತಿ ಬಸ್ಸಿನ ದಾರಿ. ಆಗಲೇ ಬೆರಳುಗಳು ಗೆಣ್ಣಿನಲ್ಲಿ ಡೊಂಕಾಗಿದ್ದವು. ಒಂದು ಚಳಿಗಾಲ ಪೂರ್ತಿ ಕೂತು ಹೆಣೆದಿದ್ದಳು. ಅಂಚು ಅಲೆ ಅಲೆ, ಅಲ್ಲಲ್ಲಿ ಬಿಟ್ಟುಹೋದ ಕುಣಿಕೆ. ತಂಗಿಯ ಕಾರ್ಖಾನೆಯ ಕಣ್ಣು ಸುಮ್ಮನಿರಲಿಲ್ಲ. ನಾಲ್ಕೇ ಸಂಜೆಯಲ್ಲಿ ಇಡೀ ಶಾಲು ಬಿಚ್ಚಿ, ಅದೇ ದಾರದಲ್ಲಿ, ಅದೇ ಅಳತೆಗೆ ಮತ್ತೆ ಹೆಣೆದರು. ಹೊದ್ದುಕೊಂಡು ಫೋಟೋ ತೆಗೆಸಿ ಕಳಿಸಿದರು: ನೋಡಕ್ಕ, ಹೇಗೆ ಸರಿ ಮಾಡಿದೀನಿ.

ಅಕ್ಕ ಫೋನ್ ಮಾಡಿ, "ಚೆನ್ನಾಗಿದೆ ಕಣೆ. ಇನ್ಮೇಲೆ ನೀನೇ ಹೆಣ್ಕೋ" ಎಂದಳು. ತಂಗಿ ಅದನ್ನು ಹೊಗಳಿಕೆ ಎಂದುಕೊಂಡರು. ತಿಂಗಳೆರಡು ಕಳೆದ ಮೇಲೆ ಅಕ್ಕನ ಸೊಸೆ ಬಾಯಿಬಿಟ್ಟಳು: "ಆ ಫೋಟೋ ನೋಡಿದ ದಿನಾನೇ ಅತ್ತೆ ಕಡ್ಡಿಗಳನ್ನೆಲ್ಲ ಪಕ್ಕದ ಮನೆಯೋರಿಗೆ ಕೊಟ್ಬಿಟ್ರು, ಚಿಕ್ಕಮ್ಮ."

"ನಾನು ದಾರ ಬಿಚ್ಚಿದೆ ಅಂದ್ಕೊಂಡಿದ್ದೆ" ಎನ್ನುವ ಉಂಡೆಯಮ್ಮನ ಕೈ ಈಗ ನಿಂತಿದೆ. "ಅವಳ ಚಳಿಗಾಲಾನೇ ಬಿಚ್ಚಿಹಾಕಿದ್ದೆ."

ಕ್ಷಮೆ ಕೇಳಿದರೆ ಅಕ್ಕ, ಹೋಗಲಿ ಬಿಡೆ ಎಂದು ಮಾತು ತಿರುಗಿಸುತ್ತಾಳೆ. ಭಾನುವಾರದ ಫೋನಿನಲ್ಲಿ ಮೊಮ್ಮಕ್ಕಳ ಕೆಮ್ಮು, ಮಂಡಿನೋವು, ನಲ್ಲಿ ನೀರು, ಎಲ್ಲ ಬರುತ್ತದೆ, ಹೆಣಿಗೆ ಬರುವುದಿಲ್ಲ. ಹಗಲುಮನೆಯಲ್ಲಿ ಮೊದಲ ಸಾಲಿನ ಉಪಾಯ ಫಲಿಸಿದ ಮೇಲೆ ಉಂಡೆಯಮ್ಮ ಅಕ್ಕನಿಗೂ ಕಳಿಸತೊಡಗಿದರು. ಎರಡು ತಿಂಗಳಿಗೊಮ್ಮೆ ಒಂದು ಉಂಡೆ, ಎರಡು ಕಡ್ಡಿ, ಹನ್ನೆರಡು ಕುಣಿಕೆಯ ಒಂದು ಸಾಲು. ಜಾರದಂತೆ ಕಡ್ಡಿಯ ತುದಿಗೆ ರಬ್ಬರ್ ತುಂಡು. ಪತ್ರ ಇಲ್ಲ. ನಾಲ್ಕು ವರ್ಷದಲ್ಲಿ ಇಪ್ಪತ್ಮೂರು ಪೊಟ್ಟಣ ಹೋಗಿವೆ. ಸೊಸೆ ಹೇಳುವುದು ಪ್ರತಿಸಲ ಒಂದೇ: "ಬಂತು ಚಿಕ್ಕಮ್ಮ. ಬೀರುವಿನಲ್ಲಿಟ್ರು."

ಹೀಗಿರುವಾಗ ಕಳೆದ ಭಾನುವಾರದ ಫೋನ್ ಬಂತು. ಮಂಡಿನೋವಿನ ಮಾತು ಮುಗಿದ ಮೇಲೂ ಅಕ್ಕ ಫೋನ್ ಇಡಲಿಲ್ಲ.

"ಲೇ, ಈ ಸಲ ಎಷ್ಟು ಕುಣಿಕೆ ಹಾಕಿ ಕಳಿಸಿದೀಯ?"

"ಹನ್ನೆರಡು, ಅಕ್ಕ. ಯಾವಾಗ್ಲೂ ಹನ್ನೆರಡೇ."

"ಇಲ್ಲಿ ಹನ್ನೊಂದಿದೆ."

ಉಂಡೆಯಮ್ಮನಿಗೆ ಗೊತ್ತು: ಬೀರುವಿನಲ್ಲಿ ಸುಮ್ಮನೆ ಬಿದ್ದ ಕಡ್ಡಿಯಲ್ಲಿ, ರಬ್ಬರ್ ತುದಿ ಬಿಗಿದಿರುವಾಗ, ಕುಣಿಕೆ ತಾನಾಗಿ ಕಡಿಮೆಯಾಗುವುದಿಲ್ಲ. ಯಾರಾದರೂ ಹೆಣೆದರೆ ಮಾತ್ರ, ಹೆಣೆಯುವ ಬೆರಳು ಡೊಂಕಾಗಿದ್ದರೆ ಮಾತ್ರ, ಒಂದು ಜಾರುತ್ತದೆ. ಜಾರಿದ್ದನ್ನು ಹೇಗೆ ಎತ್ತಿಕೊಳ್ಳಬೇಕು, ಕಡ್ಡಿಯ ಮೊನೆಯನ್ನು ಯಾವ ಕಡೆಯಿಂದ ತೂರಿಸಬೇಕು ಎಂಬ ಮಾತು ಅವರ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡರು.

"ಹನ್ನೊಂದೇ ಇರಲಿ ಬಿಡಕ್ಕ."

"ನಿನ್ನ ಕಣ್ಣಿಗೆ ಸರಿಹೋಗುತ್ತಾ?"

"ಸರಿಹೋಗುತ್ತೆ."

"ನೋಡೋಣ" ಎಂದು ಅಕ್ಕ ಫೋನ್ ಇಟ್ಟಳು.

ಅಂದಿನಿಂದ ಅಂಚೆಯವನು ರಸ್ತೆಯ ತಿರುವಿನಲ್ಲಿ ಕಂಡರೆ ಉಂಡೆಯಮ್ಮನ ಕೈಯ ಪೊರಕೆ ನಿಲ್ಲುತ್ತದೆ. ಇವತ್ತೂ ಅವನು ಸೈಕಲ್ ನಿಲ್ಲಿಸದೆ ಹೋದ. ಹೆಡ್‌ಮಿಸ್ ಕನ್ನಡಕದ ಮೇಲಿನಿಂದ ಎಲ್ಲ ನೋಡಿ ತಮ್ಮ ಸಾಲಿಗೆ ಮರಳುತ್ತಾರೆ. ಹದಿಮೂರು ಕುರ್ಚಿಗಳಲ್ಲಿ ಕಡ್ಡಿಗಳು ಟಿಕ್ ಟಿಕ್ ಎನ್ನುತ್ತಿವೆ. ಹದಿನಾಲ್ಕನೆಯದರಲ್ಲಿ ಗಡಿಯಾರದ ತಾತ ಕುಚ್ಚಿನ ಗಂಟನ್ನು ಹಲ್ಲಿನಲ್ಲಿ ಬಿಗಿಯುತ್ತಿದ್ದಾರೆ. ಕಿಟಕಿಯ ಕಟ್ಟೆಯ ಮೇಲೆ ಸ್ಟೀಲ್ ಡಬ್ಬಿ ಬಿಸಿಲಿಗೆ ಹೊಳೆಯುತ್ತಿದೆ.

"ಅಕ್ಕನ ತುಂಡು ಬಂದ್ರೆ ಹೇಗಿರುತ್ತೋ ಹಾಗೇ" ಎನ್ನುತ್ತಾರೆ ಉಂಡೆಯಮ್ಮ, ಡಬ್ಬಿಯ ಕಡೆ ನೋಡುತ್ತ. "ಹನ್ನೊಂದು ಹತ್ತಾಗಲಿ, ಹತ್ತು ಒಂಬತ್ತಾಗಲಿ. ಆ ಡಬ್ಬಿಗೆ ಸುತ್ಕೊಂಡು ಕೆಲಸಕ್ಕೆ ಬರ್ತೀನಿ. ನೋಡಿದೋರೆಲ್ಲ ಕೇಳ್ಬೇಕು, ಇಷ್ಟು ಸೊಟ್ಟ ಯಾರು ಹೆಣೆದಿದ್ದು ಅಂತ. ನಮ್ಮಕ್ಕ ಅನ್ಬೇಕು ನಾನು."