ಟಿಕಲಿಯ ಮೇಲಿನ ದೀಪ

ಮೋಡೆಮ್ಮಿನ ಮೂರನೆಯ ಹಸಿರು ದೀಪದ ಕೆಳಗೆ ಹಣೆಗಿಡುವ ಒಂದು ಕೆಂಪು ಟಿಕಲಿ ಅಂಟಿಕೊಂಡಿತ್ತು. ಅದು ಗಿರಿಜಾ ಮೇಡಂ ಅವರದು. ತರಗತಿ ಶುರುವಾಗುವ ಮುನ್ನ ಅವರು ಕೀಬೋರ್ಡಿನಿಂದ ನಮ್ಮೆಲ್ಲರ ಕೈ ಎತ್ತಿಸಿ ಆ ದೀಪವನ್ನೇ ನೋಡಲು ಹೇಳುತ್ತಿದ್ದರು. ಇಂಟರ್‌ನೆಟ್ಟಿನಲ್ಲಿ ಏನಾದರೂ ಹೋಗಿ ಬಂದಾಗ ಮಿನುಗುವ ದೀಪ ಅದು. ಯಾರೂ ಮುಟ್ಟದೆ ಮಿನುಗಿದರೆ ಮುಗಿಯಿತು.

"ಯಾರೂ ಮುಟ್ಟಿಲ್ಲ. ಮತ್ತ ಇದು ಯಾರ ಜೋಡಿ ಮಾತಾಡಾಕತ್ತೈತಿ?"

ಕೊಪ್ಪಳದ ನಮ್ಮ ಕಾಲೇಜಿನಲ್ಲಿ ಅವರು ಕಂಪ್ಯೂಟರ್ ಕಲಿಸುವ ಅತಿಥಿ ಉಪನ್ಯಾಸಕಿ. ಅಳವಂಡಿಯಿಂದ ಬಸ್ಸಿನಲ್ಲಿ ನಿಂತೇ ಬರುತ್ತಿದ್ದರು. ಇಳಿಯುವಷ್ಟರಲ್ಲಿ ಸಿಟ್ಟು ಅರ್ಧ ಕಾದಿರುತ್ತಿತ್ತು. ಇಡೀ ಲ್ಯಾಬಿಗೂ ಪ್ರಾಂಶುಪಾಲರ ಕೋಣೆಗೂ ಸೇರಿ ಇದ್ದದ್ದು ಒಂದೇ ಸಣಕಲು ಇಂಟರ್‌ನೆಟ್ ಸಂಪರ್ಕ. ಬ್ರೌಸರ್ ತಾನಾಗಿ ತರಿಸಿಕೊಳ್ಳುವ ಸುದ್ದಿಚಿತ್ರ, ನಾವು ಒತ್ತದ ಪುಟ, ಟೈಪು ಮಾಡುತ್ತಿರುವಾಗಲೇ ಎಲ್ಲಿಗೋ ಹೊರಡುವ ನಮ್ಮ ಅಕ್ಷರ, ಎಲ್ಲವನ್ನೂ ಮೇಡಂ ಬಂದ್ ಮಾಡಿಟ್ಟಿದ್ದರು. ತೆರೆದರೆ ಬರೀ ಬಿಳಿ ಪುಟ. ಹುಡುಗಿಯರು ಏನು ಹುಡುಕುತ್ತಾರೆ ಎಂಬುದು ಊರಿಗೆಲ್ಲ ಯಾಕೆ ಗೊತ್ತಾಗಬೇಕು ಎನ್ನುತ್ತಿದ್ದರು. ಮನೆಯಲ್ಲಿ ನನ್ನ ಫೋನು ಅಣ್ಣನ ಕೈಯಲ್ಲೂ ಇರುತ್ತಿತ್ತು. ಆ ಬಿಳಿ ಪುಟ ನನಗೆ ಇಷ್ಟವಾಗಿತ್ತು.

ಪ್ರಾಂಶುಪಾಲರಿಗೆ ಅದು ಆಗಿಬರಲಿಲ್ಲ. ಬ್ರೌಸರ್ ತೆರೆದೊಡನೆ ಅವರಿಗೆ ರಾಶಿಭವಿಷ್ಯ ಕಾಣಬೇಕು. ರಿಪೇರಿಯವನನ್ನು ಕರೆಸಿ ಎಲ್ಲ ಕಂಪ್ಯೂಟರುಗಳನ್ನೂ ಮೊದಲಿನಂತೆ ಮಾಡಿಸಿದರು. ಮೇಡಂಗೆ ಒಂದು ಮಾತೂ ಹೇಳಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಹಲ್ಲು ಬಿಗಿಯುತ್ತದೆ.

ಅಂದೇ ಎಂ.ಎಸ್ಸಿ.ಗೆ ಅರ್ಜಿ ಹಾಕುವ ಕೊನೆಯ ದಿನ. ಈ ಸಲ ಸೀಟು ಸಿಗದಿದ್ದರೆ ಮದುವೆ ಎಂದು ಮನೆಯಲ್ಲಿ ಹೇಳಿಯಾಗಿತ್ತು. ನನ್ನ ಅರ್ಜಿಯ ಪುಟ ಅರ್ಧಕ್ಕೇ ನಿಂತು ಸುತ್ತುತ್ತಿತ್ತು. ಮೇಡಂ ಬಂದು ಎಲ್ಲರ ಕೈ ಎತ್ತಿಸಿದರು. ದೀಪ ಪಟಪಟ ಹೊಡೆದುಕೊಳ್ಳುತ್ತಿತ್ತು. ಅವರು ಕೂಗಾಡಲಿಲ್ಲ. ನನ್ನದೊಂದು ಬಿಟ್ಟು ಉಳಿದೆಲ್ಲ ವೈರುಗಳನ್ನು ಕಿತ್ತರು, ಪ್ರಾಂಶುಪಾಲರ ಕೋಣೆಯದನ್ನೂ. ನನ್ನ ಅರ್ಜಿ ಸಲ್ಲಿಕೆಯಾಯಿತು. ಉಳಿದವರು ಒಬ್ಬೊಬ್ಬರಾಗಿ ನನ್ನ ಜಾಗದಲ್ಲಿ ಕೂತರು.

ಪ್ರಾಂಶುಪಾಲರು ಬಾಗಿಲಿಗೆ ಬಂದರು. "ಯಾರನ್ನ ಕೇಳಿ ಕಿತ್ತಿದ್ರಿ, ಮೇಡಂ?"

"ನೀವು ಯಾರನ್ನ ಕೇಳಿ ಚಾಲೂ ಮಾಡ್ಸಿದ್ರಿ, ಸರ್?"

ಅತಿಥಿ ಉಪನ್ಯಾಸಕಿಯನ್ನು ತೆಗೆಯಲು ಕಾರಣ ಬೇಕಿಲ್ಲ. ನಾಳೆಯಿಂದ ಬರುವುದು ಬೇಡ ಎಂದರು, ಅಷ್ಟೇ. ಬಸ್ ನಿಲ್ದಾಣದವರೆಗೆ ನಾನು ಮೇಡಂ ಜೊತೆ ನಡೆದೆ. ಬಸ್ಸು ಹತ್ತುವಾಗ ಅವರು ಹಿಂತಿರುಗಿ ನೋಡಿದರು.

"ನನ್ನ ಟಿಕಲಿ ಅಲ್ಲೇ ಉಳೀತು ನೋಡವಾ."

ಆಮೇಲೆ ನಾನು ಅವರನ್ನು ಕಂಡಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋದೆ. ಕಿತ್ತ ವೈರುಗಳನ್ನೆಲ್ಲ ಯಾರೋ ಮತ್ತೆ ಸಿಕ್ಕಿಸಿದ್ದರು. ಮೇಡಂ ಮಾಡಿಟ್ಟಿದ್ದಂತೆಯೇ, ಒಂದೊಂದೇ ಕಂಪ್ಯೂಟರಿನಲ್ಲಿ ತಾನಾಗಿ ಬರುವುದೆಲ್ಲವನ್ನೂ ಬಂದ್ ಮಾಡುತ್ತ ಬಂದೆ. ದೀಪ ಇನ್ನೂ ಮಿನುಗುತ್ತಿತ್ತು. ಕಸ ಗುಡಿಸಲೆಂದು ಪ್ರಾಂಶುಪಾಲರ ಕೋಣೆಯ ಬಾಗಿಲು ತೆರೆದಿದ್ದರು. ಒಳಗೆ ಹೋಗಿ ಅವರ ರಾಶಿಭವಿಷ್ಯವನ್ನೂ ಬಂದ್ ಮಾಡಿದೆ. ಮರಳಿ ಬಂದು ಟಿಕಲಿಯ ಎದುರು ಎರಡೂ ಕೈ ಎತ್ತಿ ನಿಂತೆ.