ಬಾಗಿಲಿಗೆ ಬರುತ್ತಿದ್ದ ಟ್ರಂಕು

ಸ್ನೇಹಿತರೇ, ಇವತ್ತು ಬೆಳಗಿನ ಚಹಾದ ಹೊತ್ತಿಗೆ ಸೇಡಂನ ನಮ್ಮ ಮನೆಯಲ್ಲೇ ಕೋರ್ಟು ಕೂತಿತ್ತು.

ವಕೀಲನಾದ ನನ್ನ ಮಗ ನಾಳೆಯ ಭಾಷಣವನ್ನು ಗಟ್ಟಿಯಾಗಿ ಓದುತ್ತಿದ್ದ. ಮಗುವನ್ನು ಕಾಯಂ ಆಗಿ ಸಾಕುವವರ ಮನೆಗೆ ಒಪ್ಪಿಸುವ ಮೊದಲು ಅದರ ಇಚ್ಛೆ ಕೇಳಲೇಬೇಕು, ಅದು ಮಗುವಿನ ಹಕ್ಕು ಎಂದು ಓದಿ, ಅಮ್ಮಿಯ ಕಡೆ ತಿರುಗಿದ. ಎಪ್ಪತ್ತರ ದಶಕದಲ್ಲಿ ನನ್ನ ಅಪ್ಪ ಅವ್ವ ತೀರಿಕೊಂಡಾಗ ಪಕ್ಕದ ಮನೆಯ ಈ ಅಮ್ಮಿಯೇ ನನ್ನನ್ನು ಸಾಕಿದವಳು; ನನ್ನ ಮಗನಿಗೆ ಅವಳು ದಾದಿ, ಅಂದರೆ ಅಜ್ಜಿ.

"ದಾದಿ, ನಿಮ್ಮ ಕಾಲದಾಗ ಅಪ್ಪಗ ಯಾರರ ಕೇಳಿದ್ರೇನು?"

"ಯಾಕ ಕೇಳಿಲ್ಲ? ಮುಧೋಳದಿಂದ ಅವನ ಕಾಕಾ ಪ್ರತಿ ಬ್ಯಾಸಗಿಗಿ ಕರ್ಕೊಂಡು ಹೋಗಲಾಕ ಬರ್ತಿದ್ದ. ನಾ ಟ್ರಂಕು ತಂದು ಬಾಗಿಲದಾಗ ಇಟ್ಟು, ಕಾಕಾನ ಎದುರಿಗೇ ಇವಗ ಕೇಳ್ತಿದ್ದೆ, ಹೋಗ್ತಿಯೋ, ಇರ್ತಿಯೋ ಅಂತ."

ನಿಜ. ಪ್ರತಿ ಸಲವೂ ನಾನು ಇರ್ತೀನಿ ಎನ್ನುತ್ತಿದ್ದೆ. ಟ್ರಂಕು ಮತ್ತೆ ಮಂಚದ ಕೆಳಗೆ ಹೋಗುತ್ತಿತ್ತು.

ಮಗ ಬಿಡಲಿಲ್ಲ. "ಅಪ್ಪ ಹೋಗ್ತೀನಿ ಅಂದಿದ್ರ ಏನು ಮಾಡ್ತಿದ್ದಿ?"

ಅಮ್ಮಿ ಚಹಾವನ್ನು ಬಸಿ ತಟ್ಟೆಗೆ ಸುರಿದುಕೊಂಡು ಊದಿದಳು.

"ಏನು ಮಾಡೋದು. ಅವನ ಅಂಗಿ ಅರಬಿ ಟ್ರಂಕಿನಾಗ ಇದ್ದಿದ್ರ ತಾನೇ ಹೋಗೋದು. ಅದರಾಗ ಬರೀ ಹಳೇ ಕೌದಿ ಇದ್ವು."

ಇಷ್ಟು ವರ್ಷದ ಮೇಲೆ ಈ ಸಂಗತಿ ನನಗೆ ಇವತ್ತು ತಿಳಿಯಿತು. ಮಗ ನನ್ನ ಮುಖ ನೋಡಿದ. ಕಕ್ಷಿದಾರನದೇನೂ ತಕರಾರಿಲ್ಲ ಎಂದು ಹೇಳಿ ಇನ್ನೊಂದು ಕಪ್ ಚಹಾ ಕೇಳಿದೆ.