ಮಿನುಗದ ಬೋರ್ಡು

ಬೀದಿಗೆಲ್ಲ ಅವಳು ರಿಪೇರಿಯಕ್ಕ, ಹತ್ತಿರದವರಿಗೆ ಬರೀ ರಿಪೇರಿ. ಅಪ್ಪ ಟೈಪ್‌ರೈಟರ್ ಬಿಚ್ಚಿಕೊಂಡು ಕೂರುತ್ತಿದ್ದ ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಈಗ ಅವಳು ಕಂಪ್ಯೂಟರ್ ಬಿಚ್ಚಿಕೊಂಡು ಕೂರುತ್ತಾಳೆ. ಅಪ್ಪನಿಂದ ಬಂದ ಆಸ್ತಿ ಎಂದರೆ ಒಂದು ಡಬ್ಬಿ ತುಂಬ ಸ್ಕ್ರೂ, ಹಿಡಿ ಸವೆದ ಭೂತಗನ್ನಡಿ, ಜೊತೆಗೆ ಒಂದಿಷ್ಟು ಜಂಭ. ವಿನಯ ಎಂಬ ಸಾಮಾನು ಆ ಅಂಗಡಿಯಲ್ಲಿ ಯಾವತ್ತೂ ಸ್ಟಾಕ್ ಇದ್ದದ್ದಿಲ್ಲ. ತಾನು ಕಟ್ಟಿದ ಕಂಪ್ಯೂಟರ್ ವರ್ಷದೊಳಗೆ ಕೆಟ್ಟರೆ ಕಿವಿ ಕೊಯ್ದು ಕೊಡುತ್ತೇನೆ ಎಂದು ಗಿರಾಕಿಗಳ ಮುಂದೆ ಪಂಥ ಕಟ್ಟುತ್ತಾಳೆ. ಎರಡು ಕಿವಿಯೂ ಇನ್ನೂ ಜಾಗದಲ್ಲೇ ಇವೆ, ಓಲೆ ಸಮೇತ.

ಇಷ್ಟು ಜಂಭ ಅವಳಿಗೆ ಸಲ್ಲುವುದಕ್ಕೆ ಒಂದು ಕಾರಣವಿತ್ತು. ಯಾರೇ ಬಂದು ಕಂಪ್ಯೂಟರ್ ಕಟ್ಟಿಕೊಡಿ ಎಂದರೂ ಅವಳು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಇದಕ್ಕೆ ಏನೇನು ಸಿಕ್ಕಿಸ್ತೀರಿ?" ಪ್ರಿಂಟರೋ, ಕ್ಯಾಮೆರಾವೋ, ತೂಕದ ಯಂತ್ರವೋ, ಎಲ್ಲ ತಿಳಿದ ಮೇಲೆಯೇ ಮದರ್‌ಬೋರ್ಡ್ ಆರಿಸುವುದು. ಬೋರ್ಡು ಸರಿಯಾಗಿ ಸಿಕ್ಕಿದರೆ ಉಳಿದ ಭಾಗಗಳು ತಾವಾಗಿಯೇ ಕೂರುತ್ತವೆ, ತಪ್ಪಿದರೆ ಜನ್ಮವಿಡೀ ಜಗ್ಗಾಟ ಎನ್ನುತ್ತಿದ್ದಳು. ಇಂಥವಳು ಇಡೀ ಊರಿಗೆ ಕೇಳಿದ ಪ್ರಶ್ನೆಯನ್ನು ಒಬ್ಬಳಿಗೆ ಮಾತ್ರ ಕೇಳಲು ಮರೆತಳು. ಆ ಒಬ್ಬಳು ಅವಳ ಪ್ರಾಣದ ಗೆಳತಿ.

ಗೆಳತಿಗೆ ಶಾಲೆಯಲ್ಲೇ ಸೂಜಿ ಎಂದು ಅಡ್ಡಹೆಸರು. ಮೈಯೂ ಹಾಗೆ, ನಾಲಿಗೆಯೂ ಹಾಗೆ. ಎದುರು ಕಟ್ಟಡದ ಮಹಡಿಯಲ್ಲಿ ಅವಳದೊಂದು ಕೋಣೆ, ಕೋಣೆಯ ಅರ್ಧವನ್ನು ನುಂಗಿ ನಿಂತ ಕಸೂತಿ ಯಂತ್ರ. ಸ್ವಂತ ದುಡಿಮೆಯಲ್ಲಿ ಸೆಕೆಂಡ್‌ಹ್ಯಾಂಡ್ ತಂದ ಯಂತ್ರ ಅದು. ಆಸ್ಪತ್ರೆಯ ನರ್ಸುಗಳು, ಕಾವಲಿನವರು, ಬಸ್ಸಿನ ಡ್ರೈವರುಗಳು, ಯಾರ ಎದೆಯ ಮೇಲೆ ದಾರದಲ್ಲಿ ಹೆಸರು ಕಂಡರೂ ಅದು ಅವಳ ಕೋಣೆಯಿಂದ ಹೊರಟದ್ದು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಒಂದು ಗುಂಡಿ ಒತ್ತಿದರೆ ಯಂತ್ರ ಟಕಟಕನೆ ಹೊಲಿಯುತ್ತಿತ್ತು. ಕಂಪ್ಯೂಟರಿಗೂ ಯಂತ್ರಕ್ಕೂ ನಡುವೆ ಒಂದು ದಪ್ಪ ಕೇಬಲ್, ಅಷ್ಟೇ.

ಒಂದು ದಿನ ಸುಟ್ಟ ವಾಸನೆ ಬಂತು, ಕಂಪ್ಯೂಟರ್ ಕಣ್ಣು ಮುಚ್ಚಿತು. ರಿಪೇರಿ ಬಂದು ಬಿಚ್ಚಿ ನೋಡಿದರೆ ಒಳಗಿನ ಬೋರ್ಡು ಕರಕಲಾಗಿತ್ತು. ಅದೇ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದ ಸೂಜಿಯ ಮೈದುನ. ಕೋಣೆ ಅವನದೂ ಹೌದು, ಅಣ್ಣ ತಮ್ಮಂದಿರ ಪಾಲಿನದು. ಕೆಟ್ಟವನೇನಲ್ಲ, ಕಾಯುವುದು ಮಾತ್ರ ಅವನಿಗೆ ಆಗಿಬರುವುದಿಲ್ಲ.

"ಅತ್ತಿಗೆ, ಎಷ್ಟು ದಿನ ಈ ಆನೆ ಸಾಕ್ತೀರಿ? ಸೋಮವಾರ ಗುಜರಿಯವನಿಗೆ ಬರೋಕೆ ಹೇಳಿದ್ದೀನಿ. ಅಷ್ಟರಲ್ಲಿ ಓಡಿದ್ರೆ ಇರಲಿ, ಇಲ್ಲಾಂದ್ರೆ ಈ ಜಾಗದಲ್ಲಿ ಮೊಬೈಲ್ ಕವರ್ ಇಡ್ತೀನಿ."

ಸೂಜಿ ಯಾವತ್ತೂ ಮಾತಿಗೆ ಸೋತವಳಲ್ಲ. ಅವತ್ತು ಯಂತ್ರದ ಮೇಲೆ ಕೈಯಿಟ್ಟು ನಿಂತುಬಿಟ್ಟಳು. ಅದನ್ನು ನೋಡಿ ರಿಪೇರಿ ಅವಳ ಹೆಗಲು ಹಿಡಿದಳು. "ನಾನಿದ್ದೀನಿ ಕಣೇ. ಈ ಊರಲ್ಲೇ ಯಾರೂ ನೋಡಿರಬಾರದು, ಅಂಥಾದ್ದು ಕಟ್ಟಿಕೊಡ್ತೀನಿ" ಎಂದಳು.

ಎಡವಿದ್ದು ಅಲ್ಲೇ. ಗಿರಾಕಿಯಾಗಿದ್ದರೆ ಪ್ರಶ್ನೆ ಕೇಳುತ್ತಿದ್ದಳು. ಗೆಳತಿಯಲ್ಲವೇ, ಪ್ರೀತಿ ಕಣ್ಣು ಕಟ್ಟಿತು. ಬಿಡಿಭಾಗಗಳ ಅಂಗಡಿ ಸಾಲಿಗೆ ಹೋಗಿ ಇದ್ದುದರಲ್ಲೇ ಎಲ್ಲಕ್ಕಿಂತ ಬೀಗುವ ಬೋರ್ಡು ಎತ್ತಿಕೊಂಡಳು. ಅಂಚಿನ ಸುತ್ತ ದೀಪ, ಮೈಮೇಲೆ ಬಿಸಿ ಆರಿಸುವ ಬೆಳ್ಳಿ ಬಣ್ಣದ ರೆಕ್ಕೆ, ಡಬ್ಬಿಯೇ ಆಭರಣದ ಪೆಟ್ಟಿಗೆಯ ಹಾಗಿತ್ತು. ಹೊಸ ಪ್ರೊಸೆಸರ್, ಮೆಮೊರಿ ಕೂರಿಸಿ, ಹಳೆಯ ಡಿಸ್ಕಿನಿಂದ ಕಸೂತಿಯ ಪ್ರೋಗ್ರಾಮನ್ನೂ ದಾಟಿಸಿ ಗೆಳತಿಯ ಮೇಜಿನ ಕೆಳಗಿಟ್ಟು ಚಾಲೂ ಮಾಡಿದಾಗ ಕೋಣೆಯ ಗೋಡೆಗೆಲ್ಲ ನೀಲಿ, ಗುಲಾಬಿ ಬೆಳಕು ಬಿತ್ತು.

ಸೂಜಿ ಕೇಬಲಿನ ತುದಿ ಹಿಡಿದುಕೊಂಡು ಡಬ್ಬದ ಹಿಂದೆ ಬಗ್ಗಿದಳು. ಬಗ್ಗಿದವಳು ಏಳಲೇ ಇಲ್ಲ.

"ಇದನ್ನೆಲ್ಲಿ ಸಿಕ್ಕಿಸ್ಲೇ?"

ಒಂಬತ್ತು ತೂತಿನ ದಪ್ಪ ತುದಿ. ಹೊಸ ಬೋರ್ಡಿನ ಬೆನ್ನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ರಿಪೇರಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆದರೂ ಜಂಭ ಬಿಟ್ಟೀತೇ? ಓಡಿಹೋಗಿ ಹಳೆಯ ತುದಿಯನ್ನು ಹೊಸ ತೂತಿಗೆ ಹೊಂದಿಸುವ ಒಂದು ಪರಿವರ್ತಕ ವೈರು ತಂದಳು. ಯಂತ್ರ ಎಚ್ಚೆತ್ತಿತು. ಹೂವೊಂದರ ಎರಡು ದಳ ಹೊಲಿಯಿತು, ಮೂರನೆಯದಕ್ಕೆ ತಡವರಿಸಿತು, ಕೊನೆಗೆ ಒಂದೇ ಜಾಗದಲ್ಲಿ ಕುಟ್ಟಿ ಕುಟ್ಟಿ ದಾರವನ್ನು ಗಂಟು ಮಾಡಿ ನಿಂತಿತು. ಮತ್ತೆ ಮಾಡಿದರೂ ಅದೇ ರಗಳೆ. ಹೊಸದು ಒಂದು ವೇಗದಲ್ಲಿ ಹೇಳಿದರೆ ಹಳೆಯದು ಇನ್ನೊಂದು ವೇಗದಲ್ಲಿ ಕೇಳುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಗಂಟು ಬಿದ್ದ ಬಟ್ಟೆಯನ್ನು ಸೂಜಿ ಕತ್ತರಿಯಿಂದ ಬಿಡಿಸುತ್ತ ಹೇಳಿದಳು, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ದೀಪ ಯಾರು ಕೇಳಿದ್ರೇ ನಿನ್ನ?"

ರಿಪೇರಿಗೆ ಅದು ಎದೆಗೇ ನಾಟಿತು. ದಡದಡನೆ ಮೆಟ್ಟಿಲಿಳಿದಳು. ತನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಸುಟ್ಟುಹೋದ ಹಳೆಯ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಈಗ ಅದಕ್ಕೆ ಕೇಳಿದಳು. ಏನೇನು ಸಿಕ್ಕಿಸಿದ್ದರು ನಿನಗೆ? ಭೂತಗನ್ನಡಿ ಹಿಡಿದು ನೋಡಿದರೆ, ಅಲ್ಲಿಯೂ ಆ ದಪ್ಪ ತುದಿ ಕೂರುವ ಜಾಗ ಬೋರ್ಡಿನ ಬೆನ್ನಿಗೆ ನೇರವಾಗಿ ಅಂಟಿರಲಿಲ್ಲ. ಡಬ್ಬದ ಹಿಂಬದಿಗೆ ಒಂದು ತಗಡಿನ ಪಟ್ಟಿ, ಪಟ್ಟಿಯಲ್ಲಿ ಆ ಜಾಗ, ಅಲ್ಲಿಂದ ಚಪ್ಪಟೆ ವೈರೊಂದು ಹೊರಟು ಬೋರ್ಡಿನ ಅಂಚಿನಲ್ಲಿದ್ದ ಸಣ್ಣ ಕಡ್ಡಿಗಳ ಗುಂಪಿಗೆ ಸೇರಿತ್ತು. ಒಂದು ಸಾಲಿನಲ್ಲಿ ಐದು ಕಡ್ಡಿ, ಇನ್ನೊಂದರಲ್ಲಿ ನಾಲ್ಕು. "ಹೊರಗೆ ಕಾಣದಿದ್ರೇನಂತೆ, ಒಳಗಿದ್ರೆ ಸಾಕು" ಎಂದು ತನಗೆ ತಾನೇ ಹೇಳಿಕೊಂಡು ಪಟ್ಟಿಯನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು.

ಮರುದಿನ ಭಾನುವಾರ, ಸಾಲಿನಲ್ಲಿ ತೆರೆದಿದ್ದದ್ದು ಒಂದೇ ಅಂಗಡಿ. ಕೊಂಡ ಪ್ರೊಸೆಸರ್ ಕೂರಬೇಕು, ಕೊಂಡ ಮೆಮೊರಿ ಹಿಡಿಸಬೇಕು, ಮೊದಲ ಬೋರ್ಡಿನಲ್ಲಿ ಇಲ್ಲದ ಆ ಒಂಬತ್ತು ಕಡ್ಡಿಯೂ ಇರಬೇಕು, ಅಂಥ ಬೋರ್ಡು ಬೇಕಿತ್ತು. ಅಂಗಡಿಯವನು ತೆಗೆದು ತೆಗೆದು ಇಟ್ಟದ್ದೆಲ್ಲ ಮಿನುಗುವ ಬೋರ್ಡುಗಳೇ. ಇವಳು ಒಂದೊಂದನ್ನೂ ಅಳೆದೂ ಸುರಿದೂ ನೋಡಿ ಪಕ್ಕಕ್ಕಿಡುತ್ತ ಹೋದಳು.

"ನಿಮಗೆ ಬೇಕಾದ್ದು ಈಗ ಯಾರೂ ಮಾಡಲ್ಲಕ್ಕ. ಆ ಕಾಲ ಮುಗೀತು" ಎಂದ ಅವನು.

"ಕಾಲದ ವಿಷಯ ನನಗೆ ಬಿಡಪ್ಪ. ಆ ಕೆಳಗಿನ ಸಾಲಲ್ಲಿ ಏನದು?"

"ಅದಾ? ಅಂಗಡಿ ಬಿಲ್ಲಿನ ಕಂಪ್ಯೂಟರಿಗೆ ಹಾಕೋದು. ನಿಮ್ಮಂಥೋರಿಗಲ್ಲ."

ಧೂಳು ಹಿಡಿದ ಕಂದು ಡಬ್ಬಿ. ಒಳಗಿನ ಬೋರ್ಡಿಗೆ ದೀಪವೂ ಇಲ್ಲ, ರೆಕ್ಕೆಯೂ ಇಲ್ಲ, ಬಾಡಿದ ಎಲೆಯ ಬಣ್ಣ. ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಪ್ರೊಸೆಸರ್ ಕೂರುವ ಸಾಕೆಟ್ ಸರಿಯಿದೆ. ಮೆಮೊರಿಯ ಜಾಗ ಸರಿಯಿದೆ. ಕೆಳಗಿನ ಅಂಚಿನಲ್ಲಿ, ಬ್ಯಾಟರಿಯ ಪಕ್ಕ, ಐದು ಮತ್ತು ನಾಲ್ಕು. ಹಲ್ಲು ಬಂದ ಮಗುವಿನ ಬಾಯಿ ನೋಡಿದ ಹಾಗೆ ಅವಳಿಗೆ ಖುಷಿಯಾಯಿತು. "ಸಿಕ್ಕಿಬಿಟ್ಟೆಯಲ್ಲೋ ಕಳ್ಳ!" ಎಂದು ಕೂಗಿದ ಅಬ್ಬರಕ್ಕೆ ಅಂಗಡಿಯವನು ಬಾಗಿಲ ಕಡೆ ನೋಡಿದ.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಬೋರ್ಡು ಕೂರಿಸಿ, ಹಳೆಯ ಪಟ್ಟಿ ಜೋಡಿಸಿ, ಕೇಬಲ್ ಸಿಕ್ಕಿಸಿದರೂ ಯಂತ್ರ ಜಪ್ಪಯ್ಯ ಅನ್ನಲಿಲ್ಲ. ತಿಳಿದ ಪ್ರಯತ್ನವನ್ನೆಲ್ಲ ಮಾಡುವಷ್ಟರಲ್ಲಿ ಕತ್ತಲಾಯಿತು. ಸೂಜಿ ಈ ಸಲ ಬೈಯಲೂ ಇಲ್ಲ. ಯಂತ್ರದ ಮೇಲೆ ಒಂದು ಬಿಳಿ ಬಟ್ಟೆ ಹೊದಿಸಿ, "ಹೋಗಿ ಮಲಗು" ಎಂದಳು. ಆ ಬಿಳಿ ಬಟ್ಟೆ ನೋಡಿ ರಿಪೇರಿಗೆ ಅಳು ಬಂತು.

ಸೋಮವಾರ ಬೆಳಿಗ್ಗೆ ಅವಳು ಮೀಟರ್ ಹಿಡಿದು ಮಹಡಿ ಹತ್ತಿದಳು. ವೈರಿನ ಎರಡು ತುದಿಗೆ ಮುಟ್ಟಿಸಿದರೆ ಕುಂಯ್ ಎನ್ನುವ ಮೀಟರ್. ಒಂದೊಂದೇ ಕಡ್ಡಿಯಿಂದ ಒಂದೊಂದೇ ತೂತಿಗೆ ದಾರಿ ಹುಡುಕುತ್ತ ಹೋದಾಗ ಗುಟ್ಟು ಗೊತ್ತಾಯಿತು. ಕಡ್ಡಿಗಳ ಲೆಕ್ಕ ಒಂದೇ ಆದರೂ, ಹಳೆಯ ಬೋರ್ಡು ಮಾಡಿದವರ ಸಾಲು ಬೇರೆ, ಹೊಸ ಬೋರ್ಡಿನವರ ಸಾಲು ಬೇರೆ. ಮಾತಾಡುವ ತಂತಿ ಹೋಗಬೇಕಾದಲ್ಲಿ ಕೇಳುವ ತಂತಿ ಹೋಗಿ ಕೂತಿತ್ತು. ಅವಳು ತಂತಿಗಳನ್ನು ಕತ್ತರಿಸಿ ಬೆಸುಗೆಯ ಕಡ್ಡಿ ಕಾಯಲಿಟ್ಟಳು.

ಆಗಲೇ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಮೈದುನ, ಅವನ ಹಿಂದೆ ಗೋಣಿಚೀಲ ಹೆಗಲಿಗೇರಿಸಿದ ಗುಜರಿಯವನು.

"ಸ್ವಲ್ಪ ತಡಿಯಪ್ಪಾ" ಎಂದಳು ಸೂಜಿ.

"ಕೆಳಗೆ ಗಾಡಿ ನಿಲ್ಲಿಸಿದ್ದೀವಿ ಅತ್ತಿಗೆ. ಅವರ ಪಾಡಿಗೆ ಅವರು ಮಾಡಲಿ, ಇವನ ಪಾಡಿಗೆ ಇವನು ಕಟ್ಟಲಿ."

ಹಾಗೆಯೇ ನಡೆಯಿತು. ಗುಜರಿಯವನು ಬಿಳಿ ಬಟ್ಟೆ ಸರಿಸಿ ಯಂತ್ರದ ಕಾಲುಗಳಿಗೆ ಹಗ್ಗ ಬಿಗಿಯುತ್ತಿದ್ದ. ಮೇಜಿನ ಕೆಳಗೆ ರಿಪೇರಿ ತಂತಿಗೆ ತಂತಿ ಬೆಸೆಯುತ್ತಿದ್ದಳು. ಬೆವರು ಮೂಗಿನ ತುದಿಗೆ ಬಂದು ನಿಂತರೂ ಕೈ ಅಲುಗಲಿಲ್ಲ. ಕೊನೆಯ ತಂತಿ ಕೂತ ಕೂಡಲೇ ಕೇಬಲ್ ಸಿಕ್ಕಿಸಿ, "ಒತ್ತೇ!" ಎಂದು ಕೂಗಿದಳು.

ಸೂಜಿ ಒತ್ತಿದಳು.

ಟಕ್. ಟಕ್ ಟಕ್. ಆಮೇಲೆ ಟಕಟಕಟಕ ಎಂದು ಇಡೀ ಕೋಣೆ ನಡುಗಿತು. ಹಗ್ಗ ಹಿಡಿದಿದ್ದ ಗುಜರಿಯವನು "ಅಯ್ಯಪ್ಪಾ, ಜೀವ ಇದೆ ಇದಕ್ಕೆ!" ಎಂದು ಬಾಗಿಲವರೆಗೆ ಹಾರಿದ. ಒಂದು ದಳ, ಎರಡು, ಮೂರು. ಮೂರನೆಯದನ್ನು ದಾಟಿತು! ನಾಲ್ಕಾಯಿತು, ಐದಾಯಿತು, ತೊಟ್ಟು ಬಂತು, ಎಲೆ ಬಂತು. ಒಂದು ದಾರವೂ ತಪ್ಪಲಿಲ್ಲ. ಕಾಲಿಗೆ ಹಗ್ಗ ಕಟ್ಟಿಸಿಕೊಂಡೇ ಯಂತ್ರ ಹೂವನ್ನು ಪೂರ್ತಿ ಮಾಡಿ ನಿಂತಿತು.

ರಿಪೇರಿ ಮೇಜಿನ ಕೆಳಗಿಂದ ಎದ್ದು ಬರುವಾಗ ತಲೆ ತಾಗಿಸಿಕೊಂಡಳು. ನೋವು ಎಲ್ಲಿ ಗೊತ್ತಾಗಬೇಕು? "ಗೆದ್ದೆ ಕಣೇ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಸೂಜಿ ಅವಳನ್ನು ಬಾಚಿ ತಬ್ಬಿಕೊಂಡು ಅತ್ತಳು. ಅಳುತ್ತಲೇ ತೆರೆದ ಡಬ್ಬದೊಳಗೆ ಇಣುಕಿದಳು.

"ಥೂ, ನೋಡೋಕೆ ಎಷ್ಟು ದರಿದ್ರವಾಗಿದೆ ನಿನ್ನ ಬೋರ್ಡು. ಇದನ್ನೇ ಮೊದಲು ತರೋಕೆ ಏನಾಗಿತ್ತೇ ನಿನಗೆ?"

"ನೀನು ಗಿರಾಕಿ ಆಗಿದ್ದಿದ್ರೆ ಮೊದಲೇ ತರ್ತಿದ್ದೆ. ಗೆಳತಿ ಆಗಿ ನನ್ನ ತಲೆ ಕೆಡಿಸಿದ್ದು ನೀನೇ."

"ಹಾಗಾದ್ರೆ ಇವತ್ತಿಂದ ನಾನು ಗಿರಾಕಿ. ಆ ಮಿಣಿಮಿಣಿ ದೀಪದ್ದು ನಿನ್ನ ಅಂಗಡಿಯಲ್ಲೇ ಇಟ್ಕೋ, ನಿನ್ನ ಜಂಭಕ್ಕೆ ಸರಿಹೊಂದುತ್ತೆ."

ಮೈದುನ ಕುಕ್ಕರುಗಾಲಲ್ಲಿ ಕೂತು ಯಂತ್ರದ ಕಾಲಿನ ಹಗ್ಗವನ್ನು ತಾನೇ ಬಿಚ್ಚತೊಡಗಿದ. ಗಂಟು ಬಿಗಿಯಾಗಿತ್ತು, ಹಲ್ಲು ಹಾಕಿ ಬಿಚ್ಚಬೇಕಾಯಿತು. "ಮೊಬೈಲ್ ಕವರ್ ಮೆಟ್ಟಿಲ ಹತ್ತಿರ ಇಡ್ತೀನಿ ಅತ್ತಿಗೆ" ಎಂದ. ಬಂದ ದಾರಿಗೆ ಸುಂಕವಿಲ್ಲ ಎಂದು ಗುಜರಿಯವನು ಹೊರಟೇಬಿಟ್ಟಿದ್ದ. ಬಾಗಿಲಲ್ಲಿ ನಿಂತು ಹೂವನ್ನು ಇನ್ನೊಮ್ಮೆ ನೋಡಿದ. ಆಮೇಲೆ ಹೆಗಲ ಮೇಲಿದ್ದ ಗೋಣಿಚೀಲವನ್ನು ಇಳಿಸಿ, ಅದರೊಳಗಿಂದ ತನ್ನ ಬಟ್ಟೆಯ ಕೈಚೀಲ ತೆಗೆದು, ಮಡಿಕೆ ಬಿಡಿಸಿ ಸೂಜಿಯ ಮುಂದೆ ಹಿಡಿದ.

"ಅಮ್ಮಾ, ಇದರ ಮೇಲೆ ನನ್ನ ಹೆಸರು ಹೊಲಿದು ಕೊಡ್ತೀರಾ?"

ಸೂಜಿ ಕಣ್ಣೊರೆಸಿಕೊಂಡು ಕುರ್ಚಿ ಎಳೆದು ಕೂತಳು.

"ಕೊಡ್ತೀನಿ. ಯಾವ ಬಣ್ಣದ ದಾರ ಹಾಕಲಿ?"

"ಕೆಂಪು ಹಾಕಿ. ದೂರದಿಂದ ಕಾಣಬೇಕು."